ಮುಖ ನೋಡಿ ಕರೆಯಿರಿ

ನಮ್ಮೂರ ಅಂಚೆ ಕಚೇರಿಗೆ ಮೂರು ಕಿಟಕಿ, ಕುರ್ಚಿ ಒಂದೇ. ಮೊದಲ ಕಿಟಕಿಯ ಮೇಲೆ ‘ಅಂಚೆ’, ಎರಡನೆಯದರ ಮೇಲೆ ‘ಗುರುತು’, ಮೂರನೆಯದರ ಮೇಲೆ ‘ಪಾಸ್‌ಪೋರ್ಟ್’ ಎಂದು ಬರೆಸಿದ್ದಾರೆ. ಮೂರಕ್ಕೂ ನಾನೊಬ್ಬಳೇ. ಮೊದಲ ಕಿಟಕಿಯಲ್ಲಿ ಕಾರ್ಡು ಕೊಂಡು, ನನ್ನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿಕೊಂಡ ಮನುಷ್ಯ ಪಕ್ಕಕ್ಕೆ ಸರಿದು ಎರಡನೇ ಕಿಟಕಿಗೆ ಬಂದನೆಂದರೆ, ನಾನು ಕುರ್ಚಿ ಎಳೆದುಕೊಂಡು ಅಲ್ಲಿಗೆ ಹೋಗಿ ಕೂತು, “ಯಾರು ನೀವು?” ಎಂದು ಕೇಳಬೇಕು. ಕೇಳದಿದ್ದರೆ ತಪ್ಪು. ಮೊದಮೊದಲು ಇದು ನಗು ತರಿಸುತ್ತಿತ್ತು. ಈಗ ಅವನೂ ನಗುವುದಿಲ್ಲ, ನಾನೂ ನಗುವುದಿಲ್ಲ. ಇಬ್ಬರಿಗೂ ಸಾಕಾಗಿದೆ.

ನಮ್ಮೂರಲ್ಲಿ ಮುಖ ನಿಲ್ಲುವುದಿಲ್ಲ. ಕೆಲವರಿಗೆ ನಾಲ್ಕೈದು ವರ್ಷಕ್ಕೊಮ್ಮೆ, ಕೆಲವರಿಗೆ ಇನ್ನೂ ಬೇಗ, ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಬೇರೆ ಮೂಗು, ಬೇರೆ ಕಣ್ಣು, ಬೇರೆ ಗಲ್ಲ. ವಯಸ್ಸು ಮಾತ್ರ ಅವರವರದೇ. ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಮುಖ ಬದಲಾದವರು ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ಸುಮ್ಮನೆ ನಿಲ್ಲುತ್ತಾರೆ. ಮನೆಯವರಲ್ಲಿ ಯಾರಾದರೂ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿಗೆ ಮುಗಿಯಿತು, ಚಹಾ ಕೊಡುತ್ತಾರೆ. ನನ್ನ ಗಂಡನಿಗೆ ಹೋದ ವರ್ಷ ಬಂದ ಮುಖ ನನಗೆ ಅಷ್ಟೇನೂ ಹಿಡಿಸಿಲ್ಲ. ಬಾಯಿ ಬಿಟ್ಟು ಹೇಳಿಲ್ಲ. ಅವರಿಗೂ ನನ್ನದು ಹಿಡಿಸಿದಂತೆ ಕಾಣುವುದಿಲ್ಲ. ಸಂಸಾರ ನಡೆದಿದೆ.

ಇನ್ನೊಂದು ಮಾತಿದೆ. ಸತ್ತವರ ಮುಖಗಳು ಊರು ಬಿಟ್ಟು ಹೋಗುವುದಿಲ್ಲ. ಎಷ್ಟೋ ವರ್ಷ ಬಿಟ್ಟು ಯಾರಿಗಾದರೂ ಬರುತ್ತವೆ. ಸಂತೆಯಲ್ಲಿ ಬದನೆಕಾಯಿ ಮಾರುವವನ ಹೆಗಲ ಮೇಲೆ ನಿಮ್ಮ ತೀರಿಕೊಂಡ ತಂದೆಯ ಮುಖ ಕೂತಿರಬಹುದು. ಹಾಗೆ ಕಂಡಾಗ ದೃಷ್ಟಿ ಕೆಳಗಿಳಿಸಿ, ಕಾಲು ನೋಡಿಕೊಂಡು ಮಾತಾಡಿ, ಬದನೆಕಾಯಿ ತೆಗೆದುಕೊಂಡು ಬರುವುದು ಮರ್ಯಾದೆ. ಬದನೆಕಾಯಿಯವನ ತಪ್ಪೇನಿದೆ ಅದರಲ್ಲಿ? ಹೀಗಾಗಿ ನಮ್ಮೂರಿನ ಹಿರಿಯರಿಗೆಲ್ಲ ತಲೆ ತಗ್ಗಿಸಿ ನಡೆಯುವುದೇ ರೂಢಿ. ಹೊರಗಿನಿಂದ ಬಂದವರು ನಮ್ಮನ್ನು ಬಹಳ ವಿನಯವಂತರು ಎಂದುಕೊಳ್ಳುತ್ತಾರೆ.

ಹಿಂದೆ ಈ ಕಿಟಕಿಗಳೆಲ್ಲ ಇರಲಿಲ್ಲ. ಟಪಾಲು ಮನೆಗೆ ಬರುತ್ತಿತ್ತು, ಮುಖಕ್ಕಲ್ಲ. ಹೊಳೆ ದಾಟಬೇಕಾದರೆ ದೋಣಿಯವನಿಗೆ ಇಂಥವರ ಮಗಳು, ಇಂಥವರ ಸೊಸೆ ಎಂದರೆ ಸಾಕಿತ್ತು. ಆಮೇಲೆ ನಾವೊಂದು ದೇಶವಾದೆವು, ಹೊಳೆಯ ಆಚೆಯವರು ಇನ್ನೊಂದು ದೇಶವಾದರು. ಮೊದಲು ಒಂದು ಚೀಟಿ ಬಂತು. ಚೀಟಿ ಹೋಗಿ ಮಡಿಸುವ ಹಾಳೆ ಬಂತು, ಹಾಳೆ ಹೋಗಿ ರಟ್ಟಿನ ಪುಸ್ತಕ ಬಂತು. ಆಚೆಯವರಿಗೆ ಮುಖ ನಿಲ್ಲುತ್ತದೆ. ನಮ್ಮವರೂ ಅಲ್ಲಿಗೆ ಹೋಗಿ ನೆಲೆಸಿದರೆ ಅವರ ಮುಖವೂ ನಿಂತುಬಿಡುತ್ತದೆ. ಅದಕ್ಕೇ ಇರಬೇಕು, ಪುಸ್ತಕದಲ್ಲಿ ಭಾವಚಿತ್ರ ಬೇಕೇ ಬೇಕು ಎಂದು ಅವರು ಹಟ ಹಿಡಿದರು. ನಮ್ಮ ರಾಜಧಾನಿಯವರು ಹೂಂ ಅಂದರು. ರಾಜಧಾನಿಯಿಂದ ಒಂದು ಯಂತ್ರವೂ ಬಂತು, ಊರಿನವರ ಮುಖವನ್ನೆಲ್ಲ ಅದರಲ್ಲಿ ತುಂಬಿಸಿದೆವು. ಮುಂದಿನ ವರ್ಷ ಅದಕ್ಕೆ ಅರ್ಧ ಊರು ಗೊತ್ತಾಗಲಿಲ್ಲ, ಅದರ ಮುಂದಿನ ವರ್ಷ ಯಾರೂ ಗೊತ್ತಾಗಲಿಲ್ಲ. ಈಗ ಅದರ ಮೇಲೆ ಚಹಾದ ಲೋಟ ಇಡುತ್ತೇವೆ, ಅದರ ಮೈ ಸ್ವಲ್ಪ ಬೆಚ್ಚಗಿರುತ್ತದೆ.

ಕಡೆಗೆ ರಾಜಧಾನಿಯವರು ನಮ್ಮ ಅಡಿಗೆಮನೆಯ ಪದ್ಧತಿಯನ್ನೇ ಎತ್ತಿಕೊಂಡು ನಿಯಮ ಮಾಡಿದರು. ಮುಖ ಬದಲಾದವರನ್ನು ಒಂದೇ ಒಲೆಯ ಅಡಿಗೆ ಉಂಡು ಒಂದೇ ಸೂರಿನಡಿ ಬಾಳಿದವರು ಕಿಟಕಿಗೆ ಬಂದು, ಮುಖ ನೋಡಿ, ಹೆಸರು ಹಿಡಿದು ಕರೆಯಬೇಕು. ಆಗ ನಾನು ಬರೆದುಕೊಳ್ಳಬೇಕು. ಕರೆಯುವವರಿಲ್ಲದಿದ್ದರೆ ಪಾಸ್‌ಪೋರ್ಟಿಲ್ಲ, ಗುರುತಿನ ಚೀಟಿಯಿಲ್ಲ, ಚೀಟಿಯಿಲ್ಲದಿದ್ದರೆ ಪಡಿತರದ ಜೋಳವೂ ಇಲ್ಲ. ಅಂಥವರು ಊರಲ್ಲಿ ಕೆಲವರಿದ್ದಾರೆ. ಓಣಿಯವರೆಲ್ಲ ಅವರನ್ನು ಬಲ್ಲರು, ಊಟಕ್ಕೂ ಕೊಡುತ್ತಾರೆ, ಹೆಸರು ಮಾತ್ರ ಎತ್ತುವುದಿಲ್ಲ. ನಿಯಮ ಕಚೇರಿಯಿಂದ ಓಣಿಗೆ ಯಾವಾಗ ಇಳಿಯಿತೋ ನನಗೂ ತಿಳಿಯದು.

ಆವತ್ತು ಗುರುವಾರ. ಆಚೆ ದಡಕ್ಕೆ ವಾರಕ್ಕೊಂದೇ ಲಾಂಚು, ಗುರುವಾರ ಸಂಜೆ. ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ಹೆಂಗಸು ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಮೂರನೇ ಕಿಟಕಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಹೊಸ ಪಾಸ್‌ಪೋರ್ಟು. ಹಿಂದಿನ ದಿನ ತಾನೇ ನಾನು ಗೋಂದು ಹಚ್ಚಿ ಕೊಟ್ಟದ್ದು.

“ಯಾರು ನೀವು?” ಅಂದೆ.

“ನಾ ಬಾಳವ್ವರಿ, ಬಾಯಾರ. ಮುಂಜಾನೆ ಏಳೂದ್ರಾಗ ಮುಖ ಬದಲಾಗೇತಿ.”

ನನಗೆ ಅಳು ಬಂದ ಹಾಗಾಯಿತು. ಬಾಳವ್ವನ ಮಗಳು ಕಸ್ತೂರಿ ಆಚೆ ದಡದಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದವಳು. ಈಗ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಹೊಟ್ಟೆ ಕೊಯ್ಯುತ್ತಾರೆ, ಬದುಕುವುದು ಖಾತ್ರಿಯಿಲ್ಲ, ತಾಯಿಯನ್ನು ಕೇಳುತ್ತಿದ್ದಾಳೆ ಎಂದು ಸುದ್ದಿ ಬಂದಿತ್ತು. ಆ ಅವಸರದಲ್ಲೇ ನಾನು ಪುಸ್ತಕ ಮಾಡಿಕೊಟ್ಟಿದ್ದೆ. ನಿನ್ನೆಯ ಮುಖದ ಚಿತ್ರ ಇಟ್ಟುಕೊಂಡು ಇವತ್ತು ಲಾಂಚು ಹತ್ತಲು ಬಿಡುವುದಿಲ್ಲ. ಇನ್ನೊಂದು ವಾರ ಕಾಯುವುದೆಂದರೆ ಮಗಳು ಸಿಕ್ಕರೆ ಸಿಕ್ಕಳು, ಇಲ್ಲದಿದ್ದರೆ ಇಲ್ಲ.

“ಹೆಸರು ಹಿಡದು ಕರಿಯಾವ್ರು ಯಾರದಾರ?” ಎಂದೆ. ಕೇಳುವ ಮೊದಲೇ ಉತ್ತರ ಗೊತ್ತಿತ್ತು. ಬಾಳವ್ವನ ಗಂಡ ತೀರಿಕೊಂಡಿದ್ದ, ಅವನ ಅಣ್ಣ ಅದಕ್ಕೂ ಮೊದಲೇ ಹೋಗಿದ್ದ. ಆ ಒಲೆಯ ಅನ್ನ ಉಂಡವರಲ್ಲಿ ಈ ದಡದಲ್ಲಿ ಉಳಿದವಳು ಒಬ್ಬಳೇ, ಅಣ್ಣನ ಹೆಂಡತಿ ಸಾವಂತ್ರವ್ವ. ಒಂದೇ ಮನೆಗೆ ಸೊಸೆಯರಾಗಿ ಬಂದ ಆ ನೆಗೆಣ್ಣಿಯರು ಈಗ ಒಂದೇ ಅಂಗಳದಲ್ಲಿ ಎರಡು ಒಲೆ ಹೂಡಿಕೊಂಡು, ಮುಖ ಕೊಟ್ಟು ಮಾತಾಡದೆ ಹನ್ನೆರಡು ವರ್ಷವಾಗಿತ್ತು.

“ಆಕಿ ಬ್ಯಾಡ್ರಿ,” ಅಂದಳು ಬಾಳವ್ವ. “ನಿಮ್ಮ ಕಾಲಿಗೆ ಬೀಳ್ತೀನಿ, ಅಕ್ಕನ್ನ ಮಾತ್ರ ಕರಸಬ್ಯಾಡ್ರಿ. ಬ್ಯಾರೆ ಏನರ ದಾರಿ ನೋಡ್ರಿ.”

“ಬ್ಯಾರೆ ದಾರಿ ಎಲ್ಲೈತವ್ವ? ಮಗಳು ಮುಖ್ಯೋ ಸಿಟ್ಟು ಮುಖ್ಯೋ?”

“ಸಿಟ್ಟಲ್ರಿ,” ಎಂದಳು. ಸೆರಗು ಇನ್ನಷ್ಟು ಎಳೆದುಕೊಂಡಳು. ನಾನು ಅದನ್ನು ಹಟವೆಂದುಕೊಂಡು, ಟಪಾಲಿನ ದಾವಲಸಾಬನನ್ನು ಸಾವಂತ್ರವ್ವನ ಮನೆಗೆ ಓಡಿಸಿದೆ.

ಅವರ ಜಗಳ ಊರಿಗೆಲ್ಲ ಗೊತ್ತಿದ್ದದ್ದೇ. ಸಾವಂತ್ರವ್ವನಿಗೂ ಒಬ್ಬ ಮಗಳಿದ್ದಳು, ಚಂಪಾ. ಕಸ್ತೂರಿ, ಚಂಪಾ ಒಂದೇ ತಾಟಿನಲ್ಲಿ ಉಂಡು ಬೆಳೆದವರು, ಇಬ್ಬರಿಗೂ ಹೊಳೆಯಾಚೆಯ ಆಸ್ಪತ್ರೆ ಕೆಲಸದ ಆಸೆ. ಆ ವರ್ಷ ಮನೆಗೊಂದೇ ಪಾಸ್‌ಪೋರ್ಟ್ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಬಾಳವ್ವ ಯಾರಿಗೂ ಹೇಳದೆ ನಸುಕಿನಲ್ಲೇ ಬಂದು ಸರದಿ ಹಿಡಿದು ಕಸ್ತೂರಿಗೆ ಮಾಡಿಸಿಬಿಟ್ಟಳು. ಚಂಪಾ ಉಳಿದಳು. ಮುಂದಿನ ಮಳೆಗಾಲಕ್ಕೆ ಜ್ವರ ಬಂದು, ಮೂರು ದಿನ ಮಲಗಿ, ಹೋಗಿಬಿಟ್ಟಳು. ಆಚೆ ದಡದಲ್ಲಿದ್ದಿದ್ದರೆ ಔಷಧ ಸಿಗುತ್ತಿತ್ತು ಎಂಬುದು ಸಾವಂತ್ರವ್ವನ ಮಾತು. ಇದ್ದರೂ ಇರಬಹುದು.

ಸಾವಂತ್ರವ್ವ ಬಂದಳು. ಒಲೆಯ ಮುಂದಿನಿಂದ ಎದ್ದು ಬಂದಿದ್ದಳು, ಮೊಣಕೈಗೆ ಹಿಟ್ಟು ಮೆತ್ತಿತ್ತು. ಒಳಗೆ ಬಂದವಳು ಬಾಳವ್ವನ ಕಡೆ ತಲೆ ಎತ್ತಲೇ ಇಲ್ಲ, ನೆಲ ನೋಡುತ್ತ ನಿಂತಳು.

“ಇವು ಆಕೀ ಕಾಲ ಅದಾವ. ಎಡಗಾಲಿನ ಕಿರುಬೆರಳು ನೋಡ್ರಿ, ಸೊಟ್ಟ. ನಮ್ಮ ಮನೀ ಒಳ್ಳಕಲ್ಲು ಬಿದ್ದು ಆಗಿದ್ದು. ಬರಕೋರಿ, ನಾ ಹೊಕ್ಕೀನಿ. ಒಲೀ ಮ್ಯಾಲ ಹಂಚು ಇಟ್ಟ್ ಬಂದೀನಿ.”

“ಕಾಲು ನಡಿಯೂದಿಲ್ಲವ್ವ. ಮುಖ ನೋಡಿ ಕರೀಬೇಕು.”

“ಕಾಲಿಗೆ ಏನಾಗೇತ್ರಿ? ಮುಖ ಬದಲಾಗ್ತದ, ಕಾಲು ಬದಲಾಗೂದಿಲ್ಲ. ಸರಕಾರಕ್ಕ ಅಷ್ಟೂ ತಿಳಿಯಂಗಿಲ್ಲೇನು?”

ಸರದಿಯಲ್ಲಿದ್ದವರು ಹೌದು ಹೌದು ಅಂದರು. ಹೌದೇ ಹೌದು. ಆದರೆ ಪಾಸ್‌ಪೋರ್ಟಿಗೆ ಕಾಲಿನ ಚಿತ್ರ ಅಂಟಿಸಲು ನನಗೆ ಅಧಿಕಾರವಿಲ್ಲ. “ಲಾಂಚು ಸಂಜೀಕ ಬಿಡ್ತೈತಿ, ಸಾವಂತ್ರವ್ವ. ಕಸ್ತೂರಿ ಭಾಳ ಜಡ್ಡಾಗಿ ಮಲಗ್ಯಾಳ. ಒಮ್ಮೆ ಮುಖ ನೋಡಿ ಕರದು ಹೋಗಿಬಿಡು,” ಎಂದೆ.

ಕಸ್ತೂರಿಯ ಹೆಸರು ಕೇಳಿ ಅವಳ ದವಡೆ ಸ್ವಲ್ಪ ಸಡಿಲವಾಯಿತು. ಎಷ್ಟಾದರೂ ಎತ್ತಿ ಆಡಿಸಿದ ಕೂಸು. “ಸೆರಗು ತಗೀ ಅನ್ರಿ ಆಕೀಗೆ,” ಎಂದಳು ನನಗೆ.

ಬಾಳವ್ವ ತೆಗೆಯಲಿಲ್ಲ. ಸಾವಂತ್ರವ್ವ ಸಿಟ್ಟಿನಿಂದ ತಾನೇ ಕೈ ಚಾಚಿ ಸೆರಗು ಹಿಂದಕ್ಕೆ ಎಳೆದು, ತಲೆ ಎತ್ತಿ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಚಂಪಾ,” ಎಂದಳು.

ನಾನು ಪೆನ್ನು ಕೆಳಗಿಟ್ಟೆ. ಸರದಿಯವರೆಲ್ಲ ತಕ್ಷಣ ತಮ್ಮ ತಮ್ಮ ಕಾಲು ನೋಡಿಕೊಂಡರು. ಬಾಳವ್ವ ಯಾಕೆ ಅಕ್ಕ ಬೇಡವೆಂದು ಅಂಗಲಾಚಿದ್ದಳೆಂದು ನನಗೆ ಆಗ ತಿಳಿಯಿತು. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ಯಾರದೆಂದು ಅವಳಿಗೆ ಗೊತ್ತಾಗಿತ್ತು. ಅದೇ ಮನೆಯಲ್ಲಿ ಕಣ್ಣೆದುರು ತೀರಿಹೋದ ಹುಡುಗಿಯ ಮುಖ. ಅದನ್ನು ಹೊತ್ತುಕೊಂಡು ಆ ಹುಡುಗಿಯ ತಾಯಿಯ ಮುಂದೆ ನಿಲ್ಲುವುದು ಹೇಗೆಂದು ಸಂಕಟಪಟ್ಟಿದ್ದಳು. ನಾನು ಅದನ್ನು ಹಟವೆಂದುಕೊಂಡಿದ್ದೆ.

ಚಂಪಾ ಸತ್ತಾಗ ಇಪ್ಪತ್ತರವಳು. ಈಗ ಆ ಮುಖಕ್ಕೆ ಬಾಳವ್ವನ ವಯಸ್ಸು ಬಂದಿತ್ತು. ಕಣ್ಣ ಕೆಳಗೆ ಚೀಲ, ಬಾಯಿಯ ಎರಡೂ ಬದಿಗೆ ಗೆರೆ. ಸಾವಂತ್ರವ್ವ ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಹಿಟ್ಟು ಬಾಳವ್ವನ ಗಲ್ಲಕ್ಕೆ ಹತ್ತಿತು.

“ನೋಡ್ರಿ ಬಾಯಾರ,” ಎಂದಳು, “ನನ್ನ ಮಗಳು ಮುದಿಕ್ಯಾಗ್ಯಾಳ.” ಅವಳ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಸಂತೋಷವಿತ್ತು. ಅದನ್ನು ಕೇಳುವುದು ನನಗೆ ಕಷ್ಟವಾಯಿತು.

ನಿಯಮದ ಪ್ರಕಾರ ಮೊದಲು ಕರೆದ ಹೆಸರೇ ಹೆಸರು. ಚಂಪಾ ಎಂದು ಬರೆದರೆ ಸತ್ತವಳಿಗೆ ಪಾಸ್‌ಪೋರ್ಟ್ ಕೊಡಲು ಬರುವುದಿಲ್ಲ, ಬಾಳವ್ವ ಇಲ್ಲೇ ಉಳಿಯಬೇಕು. “ನನಗ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಕರಿ ಸಾವಂತ್ರವ್ವ,” ಎಂದೆ. ಸರದಿಯಲ್ಲಿ ಒಬ್ಬರೂ ನಮಗೆ ಕೇಳಿಸಿತು ಅನ್ನಲಿಲ್ಲ. ನಮ್ಮೂರ ಮಂದಿಯ ಬಗ್ಗೆ ನಾನು ಏನೇ ಗೊಣಗಿದರೂ ಇಂಥ ಹೊತ್ತಿನಲ್ಲಿ ಅವರ ಕಿವಿ ಸರಿಯಾಗಿ ಮಂದವಾಗುತ್ತದೆ.

ಸಾವಂತ್ರವ್ವನ ಬಾಯಿಂದ ಹೆಸರು ಬರಲಿಲ್ಲ. ಕಡೆಗೆ ಅವಳು ನನ್ನ ಕಿಟಕಿಯ ಕಂಬಿ ಹಿಡಿದುಕೊಂಡು, “ಒಂದ್ ಹೊತ್ತು ನನ್ನ ಮನ್ಯಾಗ ಉಂಡು ಬರ್ಲಿ. ಆಮ್ಯಾಲ ಕರೀತೀನಿ. ಕರದ ಮ್ಯಾಲ ಆ ಮುಖ ಆಕೀದಾತು. ಅಷ್ಟ್ರೊಳಗ ಒಂದ್ ಹೊತ್ತು,” ಎಂದಳು.

ನಾನು ಬಾಳವ್ವನನ್ನು ನೋಡಿದೆ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಅಕ್ಕ ಮನೆಗೆ ಕರೆದುಕೊಂಡು ಹೋಗಿ ಕರೆಯದೇ ಉಳಿದರೆ? ಅಲ್ಲಿ ಮಗಳು ಉಸಿರು ಹಿಡಿದುಕೊಂಡು ಕಾಯುತ್ತಿದ್ದಾಳೆ. ಆದರೂ ಅವಳು ತಲೆಯಾಡಿಸಿ, “ನಡಿ ಅಕ್ಕಾ,” ಎಂದಳು.

ಆ ಮಧ್ಯಾಹ್ನ ನಾನು ಒಂದೂ ಕೆಲಸ ನೆಟ್ಟಗೆ ಮಾಡಲಿಲ್ಲ. ಎರಡು ಪಾರ್ಸೆಲ್ಲಿನಲ್ಲಿ ಒಂದರ ತೂಕ ಇನ್ನೊಂದಕ್ಕೆ ಬರೆದೆ. ಬಿಸಿಲು ಇಳಿಯಿತು. ಲಾಂಚಿನ ಮೊದಲ ಸೀಟಿ ಕೇಳಿಸಿತು. ದಾವಲಸಾಬ, “ಬರಂಗಿಲ್ಲ ಬಿಡ್ರಿ. ತಾಯಿ ಅದಾಳ, ಹೆಂಗ ಬಿಟ್ಟಾಳು,” ಎಂದ. ಸುಮ್ಮನಿರು ಎಂದು ಗದರಿದೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಅವರು ಬಂದರು, ಓಡುತ್ತ. ಬಾಳವ್ವನ ನರೆತ ಕೂದಲಿಗೆ ಸಾವಂತ್ರವ್ವ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಅಬ್ಬಲಿಗೆ ಹೂ ಮುಡಿಸಿದ್ದಳು. ಗಂಡ ಹೋದ ಮೇಲೆ ಅವಳು ಹೂ ಮುಡಿದದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಮನೆಯಲ್ಲಿ ಏನು ಮಾತಾದವೋ, ಮಾತೇ ಆಗಲಿಲ್ಲವೋ, ನಾನು ಕೇಳಲಿಲ್ಲ. ಇಬ್ಬರ ಕಣ್ಣೂ ಊದಿತ್ತು. ಸಾವಂತ್ರವ್ವ ಕಿಟಕಿಯ ಮುಂದೆ ನಿಂತು, ಆ ಮುಖವನ್ನು ನೋಡುತ್ತ, ದೂರದಲ್ಲಿರುವವರನ್ನು ಕೂಗುವ ಹಾಗೆ ದೊಡ್ಡ ದನಿಯಲ್ಲಿ, “ಬಾಳವ್ವಾ!” ಎಂದು ಕರೆದಳು.

“ಅಕ್ಕಾ,” ಎಂದಳು ಬಾಳವ್ವ.

ನಾನು ಬರೆದೆ. ಚಿತ್ರ ತೆಗೆದೆ, ಹೂ ಇದ್ದ ಹಾಗೇ. ಗೋಂದು ಆರುವ ಮೊದಲೇ ಠಸ್ಸೆ ಹೊಡೆದು ಪುಸ್ತಕ ಕೈಗೆ ಕೊಟ್ಟೆ. ಕಚೇರಿಗೆ ಬೀಗ ಹಾಕಿ ನಾನೂ ಅವರ ಜೊತೆ ಹೊಳೆಯ ದಂಡೆಗೆ ಹೋದೆ. ಯಾಕೆ ಹೋದೆನೋ, ಮೊಣಕಾಲು ನೋವಿನಲ್ಲಿ.

ಹಲಗೆಯ ಮೇಲೆ ಕಾಲಿಡುವಾಗ ಸಾವಂತ್ರವ್ವ ಬಾಳವ್ವನ ತೋಳು ಹಿಡಿದಳು. “ಬಾಳೀ, ಒಂದ್ ಮಾತು. ಕಸ್ತೂರಿ ಎದ್ದು ಓಡ್ಯಾಡಿದ್ಲಂದ್ರೂ ನೀ ಅಲ್ಲೇ ಇರು. ತಿರುಗಿ ಬರಬ್ಯಾಡ. ಅಲ್ಲಿ ಮುಖ ನಿಲ್ತಾವಂತ. ಇಲ್ಲಿಗೆ ಬಂದ್ಯಂದ್ರ ಈ ಮುಖಾನೂ ಹೋಗ್ತೈತಿ.”

“ನಿನಗ ನೋಡಾಕ ಸಿಗಂಗಿಲ್ಲಲ್ಲ ಅಕ್ಕಾ.”

“ನಾ ನೋಡಿದ್ದು ಸಾಕು. ಇದ್ರ ಸಾಕು ಎಲ್ಲ್ಯರ.”

ಬಾಳವ್ವ ಹಲಗೆಯ ಮೇಲೇ ನಿಂತಳು. ಹಿಂದಿದ್ದವರು ಬೈಯತೊಡಗಿದರು. “ನಾಳೆ ನಿನ್ನ ಮುಖ ಬದಲಾದ್ರ ಯಾರ್ ಕರೀತಾರ? ನನ್ನ ಬಿಟ್ರ ಯಾರದಾರ ನಿನಗ?”

“ನನ್ನ ಕರದು ಆಗೂದೇನೈತಿ,” ಎಂದು ಸಾವಂತ್ರವ್ವ ಅವಳನ್ನು ಬೆನ್ನು ಹಿಡಿದು ಒಳಕ್ಕೆ ತಳ್ಳಿದಳು. ಲಾಂಚು ಬಿಟ್ಟಿತು. ನಾವಿಬ್ಬರೂ ಹಿಂತಿರುಗಿದೆವು.

ಕಸ್ತೂರಿ ಬದುಕಿದಳು. ಆ ಸುದ್ದಿಯ ಕಾರ್ಡನ್ನು ದಾವಲಸಾಬ ಸಾವಂತ್ರವ್ವನ ಅಂಗಳದಲ್ಲಿ ನಿಂತು ಓದಿ ಹೇಳಿದನಂತೆ, ಅವಳು ಅವನಿಗೆ ಬೆಲ್ಲ ಕೊಟ್ಟಳಂತೆ. ಮಳೆ ಶುರುವಾಗುವ ಹೊತ್ತಿಗೆ ಅವಳಿಗೆ ಇನ್ನೊಂದು ಕಾರ್ಡು ಬಂತು. ಮಗಳು ಕೆಲಸಕ್ಕೆ ಹೋಗುತ್ತಿದ್ದಾಳೆ, ನಿನ್ನದೇ ಚಿಂತೆ, ನಿನ್ನ ಮುಖ ಅದೇ ಇದೆಯೋ ಬದಲಾಯಿತೋ ತಿಳಿಸು, ಬದಲಾಗಿದ್ದರೆ ಮುಂದಿನ ಗುರುವಾರವೇ ಹೊರಟು ಬರುತ್ತೇನೆ ಎಂದು ಬಾಳವ್ವ ಬರೆಸಿದ್ದಳು.

ಅದಾದ ಸ್ವಲ್ಪ ದಿನಕ್ಕೆ ಮೊದಲ ಕಿಟಕಿಯ ಸರದಿಯಲ್ಲಿ ನಾನು ನೋಡಿರದ ಒಬ್ಬ ಮುದುಕಿ ನಿಂತಿದ್ದಳು. ಅಗಲ ಹಣೆ, ಮೊಂಡು ಮೂಗು, ಗಲ್ಲದ ಮೇಲೆ ಒಂದು ಮಚ್ಚೆ. ಅಕ್ಕಪಕ್ಕದವರು ಅವಳಿಗೆ ಜಾಗ ಬಿಟ್ಟು ನಿಂತಿದ್ದರು, ಯಾರೂ ಮಾತಾಡಿಸುತ್ತಿರಲಿಲ್ಲ. ಯಾರೆಂದು ಅವರಿಗೆಲ್ಲ ಗೊತ್ತಿತ್ತು. ಅವಳು ಬಾಯಿ ತೆರೆದ ಕೂಡಲೇ ನನಗೂ ಗೊತ್ತಾಯಿತು. ಮೊದಲ ಕಿಟಕಿಯಲ್ಲಿ ಯಾರು ನೀವು ಎಂದು ಕೇಳುವ ನಿಯಮವಿಲ್ಲ, ದೇವರು ದೊಡ್ಡವನು.

“ಒಂದ್ ಕಾರ್ಡ್ ಕೊಡ್ರಿ ಬಾಯಾರ. ನೀವ ಬರದು ಕೊಡ್ರಿ.”

“ಹೇಳವ್ವ.”

“ಬಾಳವ್ವಗ. ಕಸ್ತೂರಿ ಅರಾಮ ಆಗಿದ್ದು ಕೇಳಿ ಖುಷಿ ಆತು. ಇಲ್ಲಿ ಮಳಿ ಚಲೋ ಹಿಡದೈತಿ.” ಅಷ್ಟು ಹೇಳಿ ಹಣೆಯ ಮೇಲಿನ ಮಳೆನೀರು ಒರೆಸಿಕೊಂಡಳು. “ನನ್ನ ಮುಖ ಅದೇ ಐತಿ, ಬದಲಾಗಿಲ್ಲ. ನೀ ಬರಬ್ಯಾಡ.”

ನಾನು ಬರೆಯುವುದು ನಿಲ್ಲಿಸಿ ಆ ಅಗಲ ಹಣೆಯನ್ನು, ಆ ಮಚ್ಚೆಯನ್ನು ನೋಡಿದೆ. ಅವಳು ನನ್ನ ಕಣ್ಣು ತಪ್ಪಿಸಲಿಲ್ಲ. “ಜೋಳ ತಗೊಂಡ್ಯಾ ಈ ತಿಂಗಳ?” ಎಂದೆ.

“ಚೀಟಿ ನಡಿಯಂಗಿಲ್ಲ ಅಂದ್ರು. ಓಣ್ಯಾಗ ಕೊಡ್ತಾರ್ರಿ, ಉಪವಾಸ ಏನಿಲ್ಲ. ಅದ್ನ ಬರೀಬ್ಯಾಡ್ರಿ.”

ಬರೆಯಲಿಲ್ಲ. ಅವಳು ಹೇಳಿದ್ದನ್ನಷ್ಟೇ ಬರೆದೆ. “ಕೆಳಗ ಯಾರ ಹೆಸರು ಹಾಕ್ಲಿ?” ಎಂಬ ಮಾತು ರೂಢಿಯಂತೆ ಬಾಯಿಂದ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ.

“ಯಾರದೂ ಬ್ಯಾಡ್ರಿ. ಯಾರೂ ಕರದಿಲ್ಲಲ್ಲ, ಹೆಂಗ ಹಾಕ್ತೀರಿ? ಆಕೀಗೆ ತಿಳೀತದ.”

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾರೆ. ರಾಜಧಾನಿಯ ಮೇಲೆ, ಹೊಳೆಯ ಮೇಲೆ, ಈ ಮುದುಕಿಯ ಮೇಲೆ, ದಿನಾ ಮೂರು ಕಿಟಕಿಯಲ್ಲಿ ಕೂತು ಏಳುವ ನನ್ನ ಮೇಲೆ. ಕಾರ್ಡಿನ ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ಅವಳ ಹೆಸರು ಬರೆದೆ. ಓದು ಬರಹ ಬಾರದವರಿಗೆ ಬರೆದದ್ದನ್ನು ಓದಿ ಹೇಳಿಯೇ ಟಪಾಲಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ನಾನು ಮೊದಲಿನಿಂದ ಓದಿದೆ. ಮಳೆ ಚೆನ್ನಾಗಿ ಹಿಡಿದದ್ದನ್ನು ಓದಿದೆ, ಮುಖ ಬದಲಾಗಿಲ್ಲವೆಂಬುದನ್ನು ಓದಿದೆ, ನೀನು ಬರಬೇಡ ಎಂಬುದನ್ನೂ ಓದಿದೆ. ಹಿಂದೆ ನಿಂತವರು ಹನಿ ಉದುರುವ ಕೊಡೆ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದರು. ಕಡೆಯ ಸಾಲು ಬಂತು. ಕಾರ್ಡಿನಿಂದ ತಲೆ ಎತ್ತಿ, ಆ ಹೊಸ ಮುಖವನ್ನು ನೋಡುತ್ತ, “ಸಾವಂತ್ರವ್ವ,” ಎಂದೆ.

“ಓ,” ಅಂದುಬಿಟ್ಟಳು.